ಕಾರ್ಯಕ್ರಮ ಒಂದೇ, ಫಲಿತಾಂಶ ಎರಡು: ನಳಂದದ ಶಾಲೆಗಳಲ್ಲಿ ಮಕ್ಕಳ ಮಾತು ಕೇಳಿದವರು ಯಾರು?

2015ರ ಜೂನ್ ತಿಂಗಳು. ಬಿಹಾರದ ನಳಂದ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ 9ನೇ ತರಗತಿಯ ಮಕ್ಕಳ ಕೈಗೆ ಒಂದು ಪ್ರಶ್ನಾವಳಿ ಬಂತು. ಪಾಠದ ಪ್ರಶ್ನೆ ಒಂದೂ ಇರಲಿಲ್ಲ. ಮೇಷ್ಟ್ರು ನಿಮ್ಮ ಜೊತೆ ಹೇಗಿರುತ್ತಾರೆ, ಶಾಲೆ ನಿಮ್ಮದು ಅನಿಸುತ್ತಾ, ಶಾಲೆಯ ಕೆಲಸಗಳಲ್ಲಿ ನಿಮಗೂ ಪಾಲಿದೆಯಾ ಎನ್ನುವ ಧಾಟಿಯ ಪ್ರಶ್ನೆಗಳವು. ಜೊತೆಗೆ ಮನಸ್ಸಿನ ಬೇಸರದ ಬಗ್ಗೆ, ರೇಗಿಸುವವರ ಬಗ್ಗೆ, ಹೊಡೆತದ ಬಗ್ಗೆ ಇನ್ನೊಂದಿಷ್ಟು. 13,035 ಮಕ್ಕಳು ಉತ್ತರ ಬರೆದರು. ಶೈಕ್ಷಣಿಕ ವರ್ಷ ಮುಗಿಯುವ ಹೊತ್ತಿಗೆ, 2016ರ ಮಾರ್ಚ್‌ನಲ್ಲಿ, ಅವೇ ಪ್ರಶ್ನೆಗಳನ್ನು ಮತ್ತೆ ಕೇಳಲಾಯಿತು. ಈ ಸಲ ಉತ್ತರ ಕೊಟ್ಟವರು 14,414 ಮಕ್ಕಳು.

ಈ ಎರಡು ಪ್ರಶ್ನಾವಳಿಗಳ ನಡುವೆ ಅಲ್ಲಿ ನಡೆದದ್ದೇ ಈ ಪ್ರಕರಣ. ಶಾಲೆಯಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ನಮ್ಮಲ್ಲಿ ಮಾತಿಗೇನೂ ಕೊರತೆಯಿಲ್ಲ. ಸುತ್ತೋಲೆ ಬರುತ್ತದೆ, ದಿನಾಚರಣೆ ಆಗುತ್ತದೆ, ಭಿತ್ತಿಪತ್ರ ಅಂಟಿಸುತ್ತಾರೆ. ಯಾವುದರಿಂದ ಉಪಯೋಗವಾಯ್ತು, ಯಾವುದರಿಂದ ಆಗಲಿಲ್ಲ ಎಂದು ಕೂತು ಅಳೆದು ನೋಡುವುದು ಮಾತ್ರ ಅಪರೂಪ. ನಳಂದದಲ್ಲಿ ಅಳೆದರು. ಬಂದ ಉತ್ತರ ಕೆಲವರಿಗೆ ಇರುಸುಮುರುಸು ತರುವಂಥದ್ದು.

ಶಾಲೆಗಳು ಎಂಥವು

ನಳಂದ ಅಂದರೆ ನಮಗೆ ನೆನಪಾಗುವುದು ಹಳೆಯ ಮಹಾವಿಹಾರದ ಇಟ್ಟಿಗೆ ಗೋಡೆಗಳು. ಈಗಿನ ನಳಂದ ಒಂದು ಸಾಧಾರಣ ಕೃಷಿ ಜಿಲ್ಲೆ, ಬಿಹಾರ್ ಷರೀಫ್ ಅದರ ಕೇಂದ್ರ. ಬಿಹಾರ ಸರ್ಕಾರ 2006ರಿಂದ ಹೈಸ್ಕೂಲಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಡಲು ಶುರು ಮಾಡಿತ್ತು. ನಮ್ಮಲ್ಲಿ 8ನೇ ತರಗತಿಯವರಿಗೆ ಸೈಕಲ್ ಕೊಟ್ಟ ಹಾಗೆಯೇ. ಅದರಿಂದ 9ನೇ ತರಗತಿಗೆ ಬರುವ ಹುಡುಗಿಯರು ಜಾಸ್ತಿಯಾದರು. ಮನೆಯಲ್ಲಿ ತಮಗಿಂತ ಮೊದಲು ಯಾರೂ ಹೈಸ್ಕೂಲ್ ಮೆಟ್ಟಿಲು ಹತ್ತದ ಮಕ್ಕಳೂ ಇಂಥ ಶಾಲೆಗಳಲ್ಲಿ ಕೂತಿರುತ್ತಾರೆ. ಆ ಮೊದಲ ಪ್ರಶ್ನಾವಳಿಗೆ ಉತ್ತರಿಸಿದವರ ಸರಾಸರಿ ಹಾಕಿದರೆ ಒಂದೊಂದು ಶಾಲೆಗೆ 9ನೇ ತರಗತಿಯಲ್ಲೇ 170ಕ್ಕೂ ಮೇಲೆ. 13–14ರ ವಯಸ್ಸು. ಮೈ ಬದಲಾಗುತ್ತಿರುತ್ತದೆ, ಮನೆಯಲ್ಲಿ ಮದುವೆಯ ಮಾತು ಶುರುವಾಗಿರಬಹುದು, ಬೋರ್ಡ್ ಪರೀಕ್ಷೆ ಒಂದೇ ವರ್ಷ ದೂರ.

ಜಿಲ್ಲೆಯಲ್ಲಿ ಲೆಕ್ಕಕ್ಕೆ ಬರುವ ಶಾಲೆಗಳು 112 ಇದ್ದವು. ಅದರಲ್ಲಿ 75ನ್ನು ಚೀಟಿ ಎತ್ತಿದ ಹಾಗೆ ಆರಿಸಿದರು. ಆರಿಸಿದ್ದನ್ನು ಮತ್ತೆ ಚೀಟಿ ಎತ್ತಿಯೇ ತಲಾ 25ರಂತೆ ಮೂರು ಗುಂಪು ಮಾಡಿದರು. ಆಮೇಲೆ ಒಂದು ಶಾಲೆ ಹಿಂದೆ ಸರಿಯಿತು. ಈ ಕೆಲಸ ನಡೆಸಿದ್ದು ಗೋವಾದ ಸಂಗತ್ ಎಂಬ ಸಂಸ್ಥೆ. ಮನೋವೈದ್ಯ ವಿಕ್ರಮ್ ಪಟೇಲ್ ಅದರ ಸಂಸ್ಥಾಪಕರಲ್ಲಿ ಒಬ್ಬರು. ಕಾರ್ಯಕ್ರಮದ ಹೆಸರು ಸೆಹರ್.

ಮೊದಲ ಗುಂಪಿನ ಶಾಲೆಗಳಲ್ಲಿ ಹೊಸದೇನೂ ಇಲ್ಲ. ತರಗತಿಯಲ್ಲಿ ಜೀವನ ಕೌಶಲ ಹೇಳಿಕೊಡುವ ಸರ್ಕಾರದ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಎಂದಿನಂತೆ ನಡೆಯಿತು. ಎರಡನೇ ಗುಂಪಿನಲ್ಲಿ ಸೆಹರ್ ಕಾರ್ಯಕ್ರಮವನ್ನು ಆಯಾ ಶಾಲೆಯ ಒಬ್ಬ ಶಿಕ್ಷಕರ ಕೈಗೆ ಕೊಟ್ಟರು. ಮೂರನೇ ಗುಂಪಿನಲ್ಲಿ ಅದೇ ಕಾರ್ಯಕ್ರಮಕ್ಕೆ ಹೊರಗಿನಿಂದ ಒಬ್ಬರನ್ನು ತಂದು ಕೂರಿಸಿದರು. ಅವರನ್ನು ಕರೆದದ್ದು ಸೆಹರ್ ಮಿತ್ರ ಎಂದು. ಇವರು ಮನೋವೈದ್ಯರೂ ಅಲ್ಲ, ಮನಃಶಾಸ್ತ್ರಜ್ಞರೂ ಅಲ್ಲ. ತರಬೇತಿ ಕೊಟ್ಟು ಈ ಕೆಲಸಕ್ಕೆಂದೇ ನೇಮಿಸಿದ ಸಾಮಾನ್ಯ ಜನ.

ಇಲ್ಲೊಂದು ಮಾತು ಗಮನಿಸಿ. ಶಿಕ್ಷಕರ ಕೈಗೆ ಕೊಟ್ಟದ್ದೂ ಮಿತ್ರರ ಕೈಗೆ ಕೊಟ್ಟದ್ದೂ ಬೇರೆ ಬೇರೆ ಅಲ್ಲ. ಮಾಡಬೇಕಾದ ಚಟುವಟಿಕೆ ಒಂದೇ. ಬದಲಾದದ್ದು ಮಾಡುವ ವ್ಯಕ್ತಿ ಮಾತ್ರ.

ಏನೇನು ಮಾಡಿದರು

ಕಾರ್ಯಕ್ರಮ ಮೂರು ಹಂತದಲ್ಲಿತ್ತು. ಮೊದಲನೆಯದು ಇಡೀ ಶಾಲೆಗೆ. ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಕಿರುನಾಟಕ, ಮಾತು. ರೇಗಿಸುವುದು, ದುಶ್ಚಟ, ಹುಡುಗ ಹುಡುಗಿಯರ ಭೇದ, ಓದುವ ಕ್ರಮ ಇಂಥ ವಿಷಯಗಳು. ಮಕ್ಕಳೇ ತುಂಬಿಸುವ ಗೋಡೆಪತ್ರಿಕೆ. ಮಕ್ಕಳೂ ದೊಡ್ಡವರೂ ಸೇರಿದ ಒಂದು ಶಾಲಾ ಸಮಿತಿ. ಇದರ ಜೊತೆಗೆ ಒಂದು ಪೆಟ್ಟಿಗೆ. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು ಹಾಕಬಹುದು, ಹೆಸರು ಬರೆಯಲೇಬೇಕು ಅಂತೇನಿಲ್ಲ.

ಪೆಟ್ಟಿಗೆ ಅಂದ ತಕ್ಷಣ ನಮ್ಮವರು ನಗುತ್ತಾರೆ. ಕರ್ನಾಟಕದ ಶಾಲೆಗಳಲ್ಲೂ ದೂರು ಪೆಟ್ಟಿಗೆ ಇವೆ. ಹೆಡ್‌ಮಾಸ್ಟರ್ ಕೋಣೆಯ ಎದುರಿಗೇ ನೇತು ಹಾಕಿದ ಪೆಟ್ಟಿಗೆಗೆ ಹುಡುಗಿಯೊಬ್ಬಳು ಚೀಟಿ ಹಾಕಬೇಕಾದರೆ ಎಷ್ಟು ಕಣ್ಣು ಅವಳ ಮೇಲೆ ಇರುತ್ತವೆ ಅಂತ ಯಾರೂ ಯೋಚಿಸಿರುವುದಿಲ್ಲ. ಬೀಗದ ಕೈ ಎಲ್ಲಿದೆ ಅಂತ ಯಾರಿಗೂ ಗೊತ್ತಿರುವುದೂ ಇಲ್ಲ. ಪೆಟ್ಟಿಗೆ ಕೆಲಸ ಮಾಡಬೇಕಾದರೆ ಅದನ್ನು ನಿಯಮವಾಗಿ ತೆಗೆದು ಓದುವವರು ಬೇಕು. ಓದಿದ ಮೇಲೆ ಏನಾಯ್ತು ಅನ್ನುವುದು ಎಲ್ಲರಿಗೂ ಕೇಳುವ ಹಾಗೆ ತಿಳಿಯಬೇಕು. ಒಂದು ಚೀಟಿಗೆ ಉತ್ತರ ಬಂದರೆ ಮರುವಾರ ಹತ್ತು ಚೀಟಿ ಬೀಳುತ್ತವೆ. ಬರದಿದ್ದರೆ ಆ ಪೆಟ್ಟಿಗೆಗೆ ಬೀಳುವುದು ಚಾಕೊಲೇಟ್ ಕಾಗದ ಮಾತ್ರ.

ಎರಡನೇ ಹಂತ ಗುಂಪಿನದು. ಪ್ರತಿ ತರಗತಿಯಿಂದ ಕೆಲವು ಮಕ್ಕಳ ಗುಂಪು ಕಟ್ಟಿ ಮಾತುಕತೆ. ಮಕ್ಕಳಿಗೆ ಓದುವ ಬಗೆಯ ಕಾರ್ಯಾಗಾರ. ಶಿಕ್ಷಕರಿಗೂ ಕಾರ್ಯಾಗಾರ ಇತ್ತು: ಹೊಡೆಯದೆ ತರಗತಿ ನಡೆಸುವುದು ಹೇಗೆ ಅಂತ. ಮೂರನೇ ಹಂತ ಒಬ್ಬೊಬ್ಬರದು. ಮಗು ತಾನೇ ಬರಬಹುದು, ಶಿಕ್ಷಕರು ಕಳಿಸಬಹುದು. ಎದುರಿಗೆ ಕೂತು, ತೊಂದರೆ ಏನು ಅಂತ ಬಿಡಿಸಿ, ಏನೇನು ದಾರಿ ಇವೆ ಅಂತ ನೋಡಿ, ಒಂದನ್ನು ಮಾಡಿ ನೋಡಲು ಮಗುವಿಗೆ ನೆರವಾಗುವುದು. ಬುದ್ಧಿವಾದ ಹೇಳುವುದು ಇದರಲ್ಲಿ ಬರುವುದಿಲ್ಲ. ನಮ್ಮ ಶಾಲೆಗಳಲ್ಲಿ ‘ಕೌನ್ಸೆಲಿಂಗ್ ಮಾಡಿದೆ’ ಅಂತ ಹೇಳುವಾಗ ಬಹಳ ಸಲ ಅದರ ಅರ್ಥ ‘ಕರೆದು ನಾಲ್ಕು ಮಾತು ಹೇಳಿದೆ’ ಅಂತಲೇ ಇರುತ್ತದೆ, ಅಲ್ವಾ?

ವರ್ಷದ ಕೊನೆಗೆ

ಶಾಲೆಯ ವಾತಾವರಣವನ್ನು ಅಳೆಯಲು ಬಳಸಿದ್ದು ಆಸ್ಟ್ರೇಲಿಯಾ ಮೂಲದ 28 ಅಂಶಗಳ ಒಂದು ಪ್ರಶ್ನಾವಳಿ. ಮಿತ್ರರಿದ್ದ ಶಾಲೆಗಳ ಸರಾಸರಿ ಅಂಕ, ಹೊಸದೇನೂ ಇಲ್ಲದ ಶಾಲೆಗಳಿಗಿಂತ 7.57ರಷ್ಟು ಮೇಲಿತ್ತು. ಈ ಬಗೆಯ ಪ್ರಯೋಗಗಳಲ್ಲಿ ಇಷ್ಟು ದೊಡ್ಡ ಅಂತರ ಕಾಣುವುದು ಕಷ್ಟ. ಖಿನ್ನತೆಯ ಲಕ್ಷಣ, ರೇಗಿಸುವುದು, ಹಿಂಸೆಗೆ ಒಳಗಾಗುವುದು, ತಾವೇ ಹಿಂಸೆ ಮಾಡುವುದು ಎಲ್ಲವೂ ಕಡಿಮೆಯಾಗಿದ್ದವು.

ಶಿಕ್ಷಕರ ಕೈಗೆ ಕೊಟ್ಟಿದ್ದ ಶಾಲೆಗಳಲ್ಲಿ? ಹೊಸದೇನೂ ಇಲ್ಲದ ಶಾಲೆಗಳಿಗೂ ಇವಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ.

2018ರಲ್ಲಿ ಇದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ವರ್ಷದ ಹುಮ್ಮಸ್ಸು, ಆಮೇಲೆ ಇಳಿಯುತ್ತದೆ ಅಂತ ಅನುಮಾನ ಪಡುವವರು ಇದ್ದೇ ಇರುತ್ತಾರೆ. ಎರಡನೇ ವರ್ಷವೂ ಕಾರ್ಯಕ್ರಮ ಮುಂದುವರಿಯಿತು. ಆ ಫಲಿತಾಂಶ 2020ರಲ್ಲಿ ಬಂತು. ಮಿತ್ರರ ಶಾಲೆಗಳಲ್ಲಿ ಅಂತರ ಇನ್ನೂ ಹಿಗ್ಗಿತ್ತು. ಶಿಕ್ಷಕರ ಶಾಲೆಗಳು ಇದ್ದಲ್ಲೇ ಇದ್ದವು.

ಇದಕ್ಕೆ ಮಿತಿಗಳೂ ಇವೆ. ಒಂದೇ ಜಿಲ್ಲೆ. ಮಕ್ಕಳು ತಾವೇ ಬರೆದುಕೊಟ್ಟ ಉತ್ತರಗಳನ್ನು ನಂಬಬೇಕು. ತಮ್ಮ ಶಾಲೆಗೆ ಮಿತ್ರ ಬಂದಿದ್ದಾರೆ ಅಂತ ಮಕ್ಕಳಿಗೆ ಗೊತ್ತೇ ಇತ್ತು, ಆ ಖುಷಿಯೂ ಉತ್ತರದಲ್ಲಿ ಸೇರಿರಬಹುದು. ಆದರೂ ಎರಡು ವರ್ಷ, 70ಕ್ಕೂ ಹೆಚ್ಚು ಶಾಲೆ, ಸಾವಿರಾರು ಮಕ್ಕಳು. ಇದನ್ನು ಸುಮ್ನೆ ತಳ್ಳಿ ಹಾಕಲು ಆಗುವುದಿಲ್ಲ.

ಶಿಕ್ಷಕರಿಂದ ಯಾಕೆ ಆಗಲಿಲ್ಲ

ಮೇಷ್ಟ್ರುಗಳನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ನನ್ನ ಮಟ್ಟಿಗೆ ಈ ಫಲಿತಾಂಶ ಶಿಕ್ಷಕರ ಪರವಾಗಿಯೇ ಇದೆ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಕರ್ನಾಟಕದ್ದೇ ಸರ್ಕಾರಿ ಹೈಸ್ಕೂಲ್ ಶಿಕ್ಷಕರೊಬ್ಬರ ದಿನವನ್ನು ನೋಡಿ. ವಾರದ ಪೀರಿಯಡ್‌ಗಳ ಜೊತೆಗೆ ಬಿಸಿಯೂಟದ ಲೆಕ್ಕ, ಮಕ್ಕಳ ವಿವರ ದಾಖಲಿಸುವ ಸ್ಯಾಟ್ಸ್ ತಂತ್ರಾಂಶದಲ್ಲಿ ಮಾಹಿತಿ ತುಂಬಿಸುವುದು, ವಿದ್ಯಾರ್ಥಿವೇತನದ ಅರ್ಜಿ, ಪ್ರತಿಭಾ ಕಾರಂಜಿ, ಮತಗಟ್ಟೆ ಕೆಲಸ, ಯಾವುದೋ ಸಮೀಕ್ಷೆ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಕುಸಿದರೆ ಜಿಲ್ಲೆಯ ಡಿಡಿಪಿಐ (ಶಿಕ್ಷಣ ಇಲಾಖೆಯ ಉಪನಿರ್ದೇಶಕರು) ಕಚೇರಿಯಿಂದ ನೋಟಿಸ್. ಇಂಥವರ ಹೆಗಲಿಗೆ ‘ಮಕ್ಕಳ ಮನಸ್ಸನ್ನೂ ನೀವೇ ನೋಡಿಕೊಳ್ಳಿ’ ಅಂತ ಇನ್ನೊಂದು ಏರಿಸಿದರೆ ಏನಾಗುತ್ತದೆ? ಕಣ್ಣಿಗೆ ಕಾಣುವ ಕೆಲಸ ಆಗುತ್ತದೆ. ನಾಟಕ, ಗೋಡೆಪತ್ರಿಕೆ ಆಗುತ್ತವೆ, ಫೋಟೋ ಅಪ್‌ಲೋಡ್ ಆಗುತ್ತದೆ. ಬಾಗಿಲು ಹಾಕಿಕೊಂಡು ಒಂದು ಮಗುವಿನ ಜೊತೆ ಮುಕ್ಕಾಲು ಗಂಟೆ ಕೂರುವುದು ಆಗುವುದಿಲ್ಲ. ಅದಕ್ಕೆ ಫೋಟೋ ಇಲ್ಲ. ಆ ಮುಕ್ಕಾಲು ಗಂಟೆಯಲ್ಲಿ ಪಕ್ಕದ ತರಗತಿ ಗಲಾಟೆ ಮಾಡುತ್ತಿರುತ್ತದೆ ಬೇರೆ.

ಸಮಯ ಸಿಕ್ಕಿದರೂ ಇನ್ನೊಂದು ತೊಡಕು ಉಳಿಯುತ್ತದೆ, ನನ್ನ ಪ್ರಕಾರ ಅದೇ ದೊಡ್ಡದು. ಮಗು ಹೇಳಬೇಕಾದ ಸಂಕಟದಲ್ಲಿ ಶಿಕ್ಷಕರೇ ಒಂದು ಪಾತ್ರ ಆಗಿರಬಹುದು. ಗಣಿತದ ಮೇಷ್ಟ್ರು ಎಲ್ಲರ ಮುಂದೆ ಅವಮಾನ ಮಾಡುತ್ತಾರೆ ಅಂತ ವಿಜ್ಞಾನದ ಮೇಡಂ ಹತ್ತಿರ ಹೇಳೋದು ಹೇಗೆ? ಇಬ್ಬರೂ ಒಂದೇ ಸ್ಟಾಫ್ ರೂಮಿನಲ್ಲಿ ಟೀ ಕುಡಿಯುವವರು. ಅಪ್ಪ ಕುಡಿದು ಹೊಡೆಯುತ್ತಾನೆ ಅಂತ ಹೇಳಿದರೆ, ಮುಂದಿನ ಪೋಷಕರ ಸಭೆಯಲ್ಲಿ ಅದೇ ಅಪ್ಪನ ಎದುರಿಗೆ ಕೂರುವುದು ಅದೇ ಮೇಷ್ಟ್ರು. ಆಂತರಿಕ ಅಂಕ ಹಾಕುವ ಕೈಯೂ ಅವರದ್ದೇ. ಮೇಷ್ಟ್ರು ಎಷ್ಟೇ ಒಳ್ಳೆಯವರಿರಲಿ, ಮಗು ಎರಡು ಸಲ ಯೋಚಿಸುತ್ತದೆ. ಹೊರಗಿನಿಂದ ಬಂದ ಮಿತ್ರನಿಗೆ ಅಂಕ ಹಾಕುವ ಅಧಿಕಾರ ಇಲ್ಲ, ಬೆತ್ತ ಇಲ್ಲ, ಪಾಠ ಮುಗಿಸುವ ಅವಸರ ಇಲ್ಲ. ದಿನವಿಡೀ ಶಾಲೆಯಲ್ಲೇ ಇರುತ್ತಾನೆ, ಹೋದರೆ ಸಿಗುತ್ತಾನೆ.

ಯುರೋಪಿನಲ್ಲೂ ಇದಕ್ಕೆ ಹತ್ತಿರದ ಒಂದು ಫಲಿತಾಂಶ ಬಂದಿದೆ. ಅಲ್ಲಿ 10 ದೇಶಗಳ 168 ಶಾಲೆಗಳಲ್ಲಿ 11,110 ಮಕ್ಕಳ ಮೇಲೆ ನಡೆದ ಪ್ರಯೋಗ, ಪ್ರಕಟವಾದದ್ದು 2015ರಲ್ಲಿ. ಒಂದು ಗುಂಪಿನಲ್ಲಿ ಅಪಾಯದಲ್ಲಿರುವ ಮಕ್ಕಳನ್ನು ಗುರುತಿಸಲು ಶಿಕ್ಷಕರಿಗೆ ತರಬೇತಿ ಕೊಟ್ಟರು. ಇನ್ನೊಂದರಲ್ಲಿ ಮಕ್ಕಳ ಜೊತೆಗೇ ನೇರವಾಗಿ ಮಾತು, ಪಾತ್ರಾಭಿನಯ. ಒಂದು ವರ್ಷದ ನಂತರ ನೋಡಿದಾಗ, ಮಕ್ಕಳ ಜೊತೆ ನೇರವಾಗಿ ಕೆಲಸ ಮಾಡಿದಲ್ಲಿ ಆತ್ಮಹತ್ಯೆಯ ಪ್ರಯತ್ನಗಳು ಹೋಲಿಕೆಯ ಗುಂಪಿಗಿಂತ ಸುಮಾರು ಅರ್ಧಕ್ಕೆ ಇಳಿದಿದ್ದವು. ಶಿಕ್ಷಕರ ತರಬೇತಿಯಿಂದ ಅಂಥ ವ್ಯತ್ಯಾಸ ಕಾಣಲಿಲ್ಲ.

ಹಾಗಂತ ಶಿಕ್ಷಕರಿಂದ ಏನೂ ಆಗುವುದಿಲ್ಲ ಎಂದು ಹೇಳಿದರೆ ತಪ್ಪಾಗುತ್ತದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಬಹಳ ಹಿಂದಿನಿಂದ ಶಿಕ್ಷಕರ ಮೂಲಕ ಜೀವನ ಕೌಶಲ ಕಲಿಸುವ ಮಾದರಿಯನ್ನು ಬೆಳೆಸಿದೆ. 2010ರಲ್ಲಿ ಅವರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಈ ಪಾಠಗಳಿದ್ದ ಶಾಲೆಗಳ 605 ಮಕ್ಕಳನ್ನು ಇಲ್ಲದ ಶಾಲೆಗಳ 423 ಮಕ್ಕಳ ಜೊತೆ ಹೋಲಿಸಿದರು. ಪಾಠ ಇದ್ದಲ್ಲಿ ಮಕ್ಕಳ ಆತ್ಮವಿಶ್ವಾಸ ಚೆನ್ನಾಗಿತ್ತು, ಶಾಲೆಗೂ ಶಿಕ್ಷಕರಿಗೂ ಹೊಂದಿಕೊಳ್ಳುವುದು ಚೆನ್ನಾಗಿತ್ತು. ಮಾನಸಿಕ ತೊಂದರೆಗಳ ಲೆಕ್ಕದಲ್ಲಿ ಮಾತ್ರ ಎರಡೂ ಕಡೆಯ ಮಕ್ಕಳಲ್ಲಿ ವ್ಯತ್ಯಾಸ ಸಿಗಲಿಲ್ಲ. ಇದು ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗ ಅಲ್ಲ, ಶಾಲೆಗಳೂ ಕಡಿಮೆ. ಆದರೂ ನಳಂದದ ಪಕ್ಕದಲ್ಲಿ ಇಟ್ಟು ನೋಡಿದರೆ ಒಂದು ಚಿತ್ರ ಮೂಡುತ್ತದೆ. ಇಡೀ ತರಗತಿಗೆ ಪಾಠವಾಗಿ ಹೇಳಬಹುದಾದದ್ದನ್ನು ಶಿಕ್ಷಕರು ಚೆನ್ನಾಗಿಯೇ ಹೇಳಬಲ್ಲರು. ಒಂದು ಮಗು ಗುಟ್ಟಾಗಿ ಬಂದು ಹೇಳಬೇಕಾದ್ದನ್ನು ಕೇಳಿಸಿಕೊಳ್ಳಲು ಬೇರೆ ಕಿವಿ ಬೇಕು.

ಸರ್ಕಾರ ಆರಿಸಿಕೊಂಡದ್ದು ಯಾವ ಗುಂಪನ್ನು

ನನಗೆ ಸಿಟ್ಟು ಬರುವುದು ಈ ಜಾಗದಲ್ಲಿ. ನಳಂದದ ಫಲಿತಾಂಶ ಪ್ರಕಟವಾದದ್ದು 2018ರಲ್ಲಿ. 2020ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತ್ ಅಡಿಯಲ್ಲಿ ಶಾಲಾ ಆರೋಗ್ಯ ಕಾರ್ಯಕ್ರಮ ಶುರು ಮಾಡಿತು. ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರು, ಆದಷ್ಟೂ ಒಬ್ಬ ಮೇಷ್ಟ್ರು ಮತ್ತು ಒಬ್ಬ ಮೇಡಂ, ಆರೋಗ್ಯ ರಾಯಭಾರಿಗಳು. ವಾರಕ್ಕೆ ಒಂದು ಗಂಟೆ, ಒಟ್ಟು 11 ವಿಷಯ. ಮಾನಸಿಕ ಆರೋಗ್ಯ ಅದರಲ್ಲಿ ಒಂದು. ಅಂದರೆ ಯಾವ ಗುಂಪಿನಲ್ಲಿ ಫಲ ಸಿಗಲಿಲ್ಲವೋ ಅದೇ ಏರ್ಪಾಟು, ಅದೂ ಇನ್ನಷ್ಟು ತೆಳ್ಳಗೆ. ಕಾರಣ ಊಹಿಸುವುದು ಕಷ್ಟವೇನಲ್ಲ. ಇರುವ ಶಿಕ್ಷಕರಿಗೆ ಹೊಸ ಹೆಸರು ಕೊಟ್ಟರೆ ಹೊಸ ಸಂಬಳ ಕೊಡಬೇಕಾಗಿಲ್ಲ.

ಫೋನ್ ಸಹಾಯವಾಣಿ ಇದೆಯಲ್ಲ ಅನ್ನಬಹುದು. ಇದೆ, ಒಳ್ಳೆಯದೇ. ಟೆಲಿ ಮಾನಸ್ 2022ರ ಅಕ್ಟೋಬರ್ 10ರಂದು ಶುರುವಾಯಿತು, ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ. ಮಕ್ಕಳಿಗಾಗಿ 1098 ಕೂಡ ಇದೆ. ಈ ಎರಡೂ ನಂಬರ್ ಪ್ರತಿ ತರಗತಿಯ ಗೋಡೆಯಲ್ಲಿ ಇರಲೇಬೇಕು. ಆದರೆ 13 ವರ್ಷದ ಮಗುವಿನ ಕೈಯಲ್ಲಿ ಸ್ವಂತ ಫೋನ್ ಎಲ್ಲಿದೆ? ಅಮ್ಮನ ಫೋನ್ ಕೇಳಿದರೆ ‘ಯಾರಿಗೆ ಮಾಡ್ತೀಯಾ’ ಅನ್ನುವ ಪ್ರಶ್ನೆ ಮೊದಲು ಬರುತ್ತದೆ.

ಆಮೇಲೆ 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು. ವಿಶಾಖಪಟ್ಟಣದಲ್ಲಿ ನೀಟ್ ತರಬೇತಿ ಪಡೆಯುತ್ತಿದ್ದ 17 ವರ್ಷದ ಹುಡುಗಿಯ ಸಾವಿನ ಪ್ರಕರಣ ಅದು. ದೇಶದಲ್ಲಿ 2022ರ ಒಂದೇ ವರ್ಷದಲ್ಲಿ 13,044 ವಿದ್ಯಾರ್ಥಿಗಳ ಆತ್ಮಹತ್ಯೆ ದಾಖಲಾಗಿತ್ತು. ನ್ಯಾಯಮೂರ್ತಿ ವಿಕ್ರಮ್ ನಾಥ್ ಮತ್ತು ನ್ಯಾಯಮೂರ್ತಿ ಸಂದೀಪ್ ಮೆಹ್ತಾ ಅವರ ಪೀಠ 15 ಮಾರ್ಗಸೂಚಿ ಕೊಟ್ಟಿತು. ನಮ್ಮ ಈ ಪ್ರಕರಣಕ್ಕೆ ಸಂಬಂಧಪಟ್ಟದ್ದು ಒಂದು: 100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಕಡೆ ಮಕ್ಕಳ ಮಾನಸಿಕ ಆರೋಗ್ಯದಲ್ಲಿ ತರಬೇತಿ ಇರುವ ಒಬ್ಬ ಆಪ್ತಸಮಾಲೋಚಕ, ಮನಃಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಏರ್ಪಾಟು ಮಾಡಿಕೊಳ್ಳಬೇಕು. ಶಿಕ್ಷಕರ ಹೊರತಾಗಿ ಇನ್ನೊಬ್ಬ ವ್ಯಕ್ತಿ ಬೇಕು ಎನ್ನುವ ಮಾತು ಕಡೆಗೆ ಬಂದದ್ದು ಕೋರ್ಟಿನಿಂದ.

ನಮ್ಮ ಶಾಲೆಗೆ ತಂದರೆ

ಒಂದು ಲೆಕ್ಕ ಹಾಕೋಣ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13–17 ವಯಸ್ಸಿನವರಲ್ಲಿ ಶೇ 7.3 ಜನರಿಗೆ ಮಾನಸಿಕ ತೊಂದರೆ ಕಂಡಿತ್ತು. 300 ಮಕ್ಕಳ ಒಂದು ಹೈಸ್ಕೂಲಿಗೆ ಅದು ಸುಮಾರು 22 ಮಕ್ಕಳು. ಇವರಲ್ಲಿ ಹಲವರಿಗೆ ಆಸ್ಪತ್ರೆಯ ನೆರವೂ ಬೇಕಾಗಬಹುದು. ಉಳಿದವರಿಗೂ ಪರೀಕ್ಷೆಯ ಭಯ, ಗೆಳತಿಯ ಜೊತೆ ಮುನಿಸು, ಮನೆಯ ಜಗಳ ಇದ್ದೇ ಇವೆ. ಅವರಿಗೆ ಬೇಕಾದ್ದು ಸಾವಧಾನವಾಗಿ ಕೂತು ಕೇಳುವ ಒಬ್ಬರು.

ಪ್ರತಿ ಶಾಲೆಗೂ ಮನಃಶಾಸ್ತ್ರ ಎಂ.ಎಸ್ಸಿ ಓದಿದವರೇ ಬೇಕು ಅಂತ ಕಾದರೆ ಕಾಯುತ್ತಲೇ ಇರಬೇಕಾಗುತ್ತದೆ. ನಳಂದದ ಮಿತ್ರರು ತಜ್ಞರಾಗಿರಲಿಲ್ಲ ಅನ್ನುವುದನ್ನು ಮರೆಯಬಾರದು. ದೆಹಲಿಯ 6 ಸರ್ಕಾರಿ ಶಾಲೆಗಳಲ್ಲಿ 251 ಮಕ್ಕಳ ಜೊತೆ ಇದೇ ತಂಡದ ಇನ್ನೊಂದು ಪ್ರಯೋಗ ನಡೆಯಿತು. ಅಲ್ಲೂ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು ನಾಲ್ಕೈದು ಭೇಟಿ ಮಾಡಿಸಿದರು. ಬರೀ ಪುಸ್ತಿಕೆ ಕೊಟ್ಟ ಮಕ್ಕಳಿಗಿಂತ ಅವರ ಜೊತೆ ಮಾತಾಡಿದ ಮಕ್ಕಳು ತಮ್ಮ ತೊಂದರೆಗಳು ಹೆಚ್ಚು ಹಗುರವಾದವು ಎಂದರು. ಆದರೆ ಆರು ವಾರದ ಹೊತ್ತಿಗೆ ರೋಗಲಕ್ಷಣಗಳ ಅಳತೆಯಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಸಿಗಲಿಲ್ಲ. ಹಾಗಾಗಿ ತರಬೇತಿ ಪಡೆದ ಮಿತ್ರನ ಹಿಂದೆ ತಜ್ಞರೂ ಇರಲೇಬೇಕು. ನಮ್ಮಲ್ಲಿ ಆ ಕೊಂಡಿಗಳು ಇಲ್ಲದೇ ಇಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ, ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್ ಇವೆ. ಶಾಲೆಯಿಂದ ಅಲ್ಲಿಯ ತನಕ ಮಗುವಿನ ಕೈ ಹಿಡಿದು ಕರೆದುಕೊಂಡು ಹೋಗುವವರು ಇಲ್ಲ, ಅಷ್ಟೇ.

ಗುಟ್ಟಿನ ವಿಷಯದಲ್ಲಿ ಒಂದು ಎಚ್ಚರ. ‘ಯಾರಿಗೂ ಹೇಳಲ್ಲ’ ಅಂತ ಮಗುವಿಗೆ ಪೂರ್ತಿ ಮಾತು ಕೊಡುವಂತಿಲ್ಲ. ಲೈಂಗಿಕ ದೌರ್ಜನ್ಯ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿಸಲೇಬೇಕು. ಜೀವಕ್ಕೆ ಅಪಾಯ ಕಂಡರೂ ಸುಮ್ಮನಿರಲಾಗದು. ಇದನ್ನು ಮೊದಲ ಭೇಟಿಯಲ್ಲೇ ಮಗುವಿಗೆ ಹೇಳಬೇಕು. ಹೇಳಿದರೆ ಮಕ್ಕಳು ಮಾತೇ ಆಡುವುದಿಲ್ಲ ಅನ್ನುವ ಭಯ ದೊಡ್ಡವರದ್ದು. ಆಮೇಲೆ ಗೊತ್ತಾದರೆ ಮಗು ಯಾರನ್ನೂ ನಂಬುವುದಿಲ್ಲ, ಅದು ಇನ್ನೂ ಕೆಟ್ಟದ್ದು.

ಚಿಕ್ಕ ಶಾಲೆಗಳದ್ದು ಬೇರೆ ಪ್ರಶ್ನೆ. ನಮ್ಮ ಹಳ್ಳಿಗಳಲ್ಲಿ 100ಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳು ಬೇಕಾದಷ್ಟಿವೆ. ಅಲ್ಲಿಗೆ ಪೂರ್ಣಾವಧಿಯ ಒಬ್ಬರು ಸಿಗುವುದು ಕನಸು. ವಿಶೇಷ ಅಗತ್ಯದ ಮಕ್ಕಳಿಗಾಗಿ ಬ್ಲಾಕ್ ಮಟ್ಟದಲ್ಲಿ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರು ಶಾಲೆಯಿಂದ ಶಾಲೆಗೆ ಓಡಾಡುವ ಪದ್ಧತಿ ಈಗಾಗಲೇ ಇದೆ. ಕ್ಲಸ್ಟರ್‌ಗೆ ಒಬ್ಬ ಮಿತ್ರ, ಇಂಥ ಶಾಲೆಗೆ ವಾರದ ಇಂಥ ದಿನ ಅಂತ ನಿಗದಿ ಮಾಡಿ ಓಡಾಡಬಹುದು. ಆದರೆ ನಳಂದದ ಮಿತ್ರ ಫಲ ಕೊಟ್ಟದ್ದು ದಿನಾ ಅಲ್ಲೇ ಇದ್ದುಕೊಂಡು. ವಾರಕ್ಕೊಮ್ಮೆ ಬರುವವರಿಂದ ಅಷ್ಟೇ ಫಲ ಬರುತ್ತದೆ ಅಂತ ಹೇಳಲು ಈ ಪ್ರಯೋಗದಲ್ಲಿ ಆಧಾರ ಇಲ್ಲ. ಅದನ್ನು ಬೇರೆಯಾಗಿಯೇ ಅಳೆದು ನೋಡಬೇಕು.

ಕೋರ್ಟ್ ಹೇಳಿತು ಅಂತ ಯಾವುದೋ ಶಿಕ್ಷಕರಿಗೆ ಮೂರು ದಿನದ ತರಬೇತಿ ಕೊಟ್ಟು, ಬೋರ್ಡಿನಲ್ಲಿ ‘ಆಪ್ತಸಮಾಲೋಚಕರು’ ಎಂದು ಹೆಸರು ಬರೆಸುವ ಶಾಲೆಗಳು ಬರುತ್ತವೆ. ಶಾಲಾಭಿವೃದ್ಧಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಇರುವ ಪೋಷಕರು ಸಭೆಯಲ್ಲಿ ಕೇಳಬಹುದಾದ ಪ್ರಶ್ನೆಗಳು ಕಷ್ಟದವೇನಲ್ಲ. ಇವರು ಪಾಠವನ್ನೂ ಮಾಡುತ್ತಾರಾ, ಅಂಕವನ್ನೂ ಹಾಕುತ್ತಾರಾ? ಮಗು ಕೂತು ಮಾತಾಡಲು ಬಾಗಿಲು ಮುಚ್ಚುವ ಒಂದು ಕೋಣೆ ಇದೆಯಾ, ಇಲ್ಲಾ ಸ್ಟಾಫ್ ರೂಮಿನ ಮೂಲೆಯಾ? ಪೆಟ್ಟಿಗೆ ಕಡೆಯ ಸಲ ತೆಗೆದದ್ದು ಯಾವಾಗ? ಈ ಟರ್ಮ್‌ನಲ್ಲಿ ಯಾರೂ ಕಳಿಸದೆ ತಾವಾಗಿಯೇ ಬಂದ ಮಕ್ಕಳು ಎಷ್ಟು ಜನ? ಹೆಸರು ಬೇಡ, ಸಂಖ್ಯೆ ಸಾಕು. ವರ್ಷವಿಡೀ ಆ ಸಂಖ್ಯೆ ಸೊನ್ನೆಯಲ್ಲೇ ನಿಂತಿದ್ದರೆ, ಕೂರಿಸಿದ ವ್ಯಕ್ತಿಯನ್ನೋ ಕೂರಿಸಿದ ಜಾಗವನ್ನೋ ಬದಲಾಯಿಸಿ ಅಂತ ಹೆಡ್‌ಮಾಸ್ಟರಿಗೆ ಬರೆದುಕೊಡಬಹುದು.